ನಡುನೀರಿನಲ್ಲಿ ನಿಲ್ಲುವ ಮೋಟಾರು: ನಿಂತ ರೀತಿಯೇ ಮೊದಲ ಸುಳಿವು

(ಸಣ್ಣ ದೋಣಿ ಬಳಸುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಂದೇ ತೊಂದರೆಯ ಬಗ್ಗೆ. ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟಾರು, ಸ್ಟಾರ್ಟ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ, ಆಮೇಲೆ ದಾರಿಯಲ್ಲಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಎಳೆದರೆ ಮತ್ತೆ ಸ್ಟಾರ್ಟ್. ಮತ್ತೆ ಒಂದಷ್ಟು ದೂರ, ಮತ್ತೆ ಬಂದ್. ಪೂರ್ತಿ ಕೆಟ್ಟ ಮೋಟಾರೇ ಇದಕ್ಕಿಂತ ವಾಸಿ. ಅದು ಸ್ಟಾರ್ಟೇ ಆಗುವುದಿಲ್ಲ, ನೀವು ದಡ ಬಿಡುವುದೂ ಇಲ್ಲ. ಹೀಗೆ ಆಗಾಗ ನಿಲ್ಲುವ ಮೋಟಾರು ನಿಮ್ಮನ್ನು ನೀರಿನ ನಡುವೆ ಕರೆದುಕೊಂಡು ಹೋಗಿ ಅಲ್ಲಿ ಕೈಬಿಡುತ್ತದೆ. ರಸ್ತೆಯಲ್ಲಾದರೆ ಗಾಡಿಯನ್ನು ಬದಿಗೆ ತಳ್ಳಿ ನಿಲ್ಲಿಸಬಹುದು. ನೀರಿನಲ್ಲಿ ಆ ಅವಕಾಶ ಇಲ್ಲ. ಗಾಳಿ ಮತ್ತು ಸೆಳೆತ ದೋಣಿಯನ್ನು ಎತ್ತ ಬೇಕಾದರೂ ಒಯ್ಯುತ್ತವೆ.

ಹಾಗಾಗಿ ಮೋಟಾರಿನ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು. ಮೋಟಾರು ನಿಂತ ಕೂಡಲೇ ಮುಚ್ಚಳ ಬಿಚ್ಚಲು ಹೋಗಬೇಡಿ. ಮೊದಲು ಸುತ್ತ ನೋಡಿ. ದೋಣಿ ಬಂಡೆಯ ಕಡೆ, ಅಲೆ ಒಡೆಯುವ ಕಡೆ, ದೊಡ್ಡ ದೋಣಿಗಳು ಓಡಾಡುವ ದಾರಿಯ ಕಡೆ ತೇಲುತ್ತಿದೆಯಾ? ಹಾಗಿದ್ದರೆ ಲಂಗರು ಹಾಕಿ, ಇಲ್ಲವೇ ಹುಟ್ಟು ಹಿಡಿಯಿರಿ. ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿ. ದೋಣಿಯ ಹಿಂಭಾಗಕ್ಕೆ ಇಬ್ಬರು ಮೂವರು ಒಟ್ಟಿಗೆ ಬಂದು ಬಗ್ಗಿದರೆ ಅಲ್ಲಿಂದಲೇ ನೀರು ಒಳಗೆ ಬರಬಹುದು. ಒಬ್ಬರು ಮೋಟಾರು ನೋಡಲಿ, ಉಳಿದವರು ತಮ್ಮ ಜಾಗದಲ್ಲೇ ಕೂತಿರಲಿ.

ಇನ್ನು ಮೋಟಾರು. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ಮಾರಾಟಕ್ಕೆ ಬಿಟ್ಟ ಔಟ್‌ಬೋರ್ಡ್‌ಗೆ ಒಂದೇ ಸಿಲಿಂಡರ್, ಒಂದೂವರೆ ಹಾರ್ಸ್‌ಪವರ್. 2021ರಲ್ಲಿ ಮರ್ಕ್ಯುರಿ ಕಂಪನಿ 12 ಸಿಲಿಂಡರಿನ, 600 ಹಾರ್ಸ್‌ಪವರಿನ ಔಟ್‌ಬೋರ್ಡ್ ತಂದಿತು. ಎರಡಕ್ಕೂ ಬೇಕಾದ್ದು ಅವೇ: ಪೆಟ್ರೋಲು, ಗಾಳಿ, ಸರಿಯಾದ ಹೊತ್ತಿಗೆ ಕಿಡಿ, ಸಿಲಿಂಡರಿನೊಳಗೆ ಒತ್ತಡ, ಮೈ ತಣಿಸಲು ನೀರು. ಇವುಗಳಲ್ಲಿ ಒಂದು ತಪ್ಪಿದರೆ ಮೋಟಾರು ನಿಲ್ಲುತ್ತದೆ. ಯಾವುದು ತಪ್ಪಿತು ಅನ್ನುವುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಜನ ಸಾಮಾನ್ಯವಾಗಿ ಕಿಡಿ ಹಾರಿಸುವ ಪ್ಲಗ್ ಬದಲಾಯಿಸುತ್ತಾರೆ. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚುತ್ತಾರೆ. ಆಮೇಲೆ ಕಿಡಿಗೆ ಕರೆಂಟು ಕೊಡುವ ಕಾಯಿಲ್ ತರುತ್ತಾರೆ. ನನ್ನ ಮನವಿ ಇಷ್ಟೇ: ಮೋಟಾರು ಹೇಗೆ ನಿಂತಿತು ಅನ್ನೋದನ್ನು ನೋಡದೆ ಸ್ಪ್ಯಾನರ್ ಮುಟ್ಟಬೇಡಿ. ನಿಲ್ಲುವ ಆ ಹತ್ತು ಸೆಕೆಂಡಿನಲ್ಲಿ ಸಿಗುವಷ್ಟು ಮಾಹಿತಿ ಆಮೇಲೆ ಅರ್ಧ ದಿನ ಬಿಚ್ಚಿ ಜೋಡಿಸಿದರೂ ಸಿಗುವುದಿಲ್ಲ.

ನಿಲ್ಲುವುದರಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಪೂರ್ತಿ ಸ್ಪೀಡಿನಲ್ಲಿ ಓಡುತ್ತಿದ್ದದ್ದು ಯಾರೋ ಸ್ವಿಚ್ ಒತ್ತಿದ ಹಾಗೆ ಥಟ್ಟನೆ ನಿಲ್ಲುವುದು. ಮುನ್ಸೂಚನೆ ಏನೂ ಇರುವುದಿಲ್ಲ. ಇದು ಹೆಚ್ಚಾಗಿ ಕಿಡಿಯ ಕಡೆಯ ತೊಂದರೆ, ಅಂದರೆ ಕರೆಂಟಿನದು. ಎರಡು, ಮೊದಲು ಸ್ಪೀಡು ಇಳಿಯುವುದು, ತಡವರಿಸುವುದು, ಒಮ್ಮೆ ಏರಿ ಮತ್ತೆ ಇಳಿಯುವುದು, ಕೊನೆಗೆ ಉಸಿರು ಕಟ್ಟಿದಂತೆ ನಿಲ್ಲುವುದು. ಇದು ಪೆಟ್ರೋಲು ಸಾಲದೆ ಬಂದದ್ದು. ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದಿರುವ ಪೆಟ್ರೋಲು ಮುಗಿಯುವವರೆಗೆ ಒದ್ದಾಡಿ ನಿಲ್ಲುತ್ತದೆ, ಅದಕ್ಕೇ ಆ ಏರಿಳಿತ. ಮೂರು, ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ, ಬಿಸಿಯಾದ ಮೇಲೆ ನಿಲ್ಲುತ್ತದೆ, ಆರಿದ ಮೇಲೆ ಮತ್ತೆ ಓಡುತ್ತದೆ. ಇದರಲ್ಲಿ ಕಾಯಿಲ್ ಇರಬಹುದು, ನೀರಿನ ಪಂಪ್ ಇರಬಹುದು, ಆಯಿಲ್ ಕಡಿಮೆಯಾಗಿ ಪಿಸ್ಟನ್ ಹಿಡಿಯುತ್ತಿರಬಹುದು.

ಈ ಮೂರೂ ಕೆಲವೊಮ್ಮೆ ಕಲಸಿಕೊಳ್ಳುತ್ತವೆ, ನಿಜ. ಆದರೂ ಮೊದಲ ಹೆಜ್ಜೆ ಎತ್ತ ಇಡಬೇಕು ಅಂತ ಇದರಿಂದ ಗೊತ್ತಾಗುತ್ತದೆ. ಜೊತೆಗೆ ಇನ್ನೂ ಕೆಲವು ಗಮನಿಸಿ. ಸ್ಟಾರ್ಟ್ ಮಾಡಿ ಎಷ್ಟು ಹೊತ್ತಿಗೆ ನಿಂತಿತು? ನಿಧಾನವಾಗಿ ಹೋಗುವಾಗಲೋ, ಪೂರ್ತಿ ಥ್ರಾಟಲ್ ಕೊಟ್ಟಾಗಲೋ? ಗೇರ್ ಹಾಕಿದ ಕ್ಷಣದಲ್ಲೋ? ಅಲೆಗೆ ದೋಣಿ ಕುಪ್ಪಳಿಸಿದಾಗಲೋ? ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು? ಒಂದು ಚೀಟಿಯಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಪೆಟ್ರೋಲಿನ ದಾರಿ

ಇದರ ಬಗ್ಗೆ ಜಾಸ್ತಿ ಹೊತ್ತು ಮಾತಾಡುತ್ತೇನೆ. ಯಾಕೆಂದರೆ ಆಗಾಗ ನಿಲ್ಲುವ ಮೋಟಾರುಗಳಲ್ಲಿ ತುಂಬಾ ಸಲ ತೊಂದರೆ ಇರುವುದು ಮೋಟಾರಿನ ಹೊರಗೆ, ಟ್ಯಾಂಕಿನಿಂದ ಮೋಟಾರಿನವರೆಗಿನ ಆ ಒಂದೆರಡು ಮೀಟರ್ ಪೈಪಿನಲ್ಲಿ.

ಮೊದಲು ಟ್ಯಾಂಕಿನ ಮುಚ್ಚಳ. ಹೊತ್ತು ತರುವಂಥ ಟ್ಯಾಂಕುಗಳ ಮುಚ್ಚಳದ ಮೇಲೆ ಗಾಳಿಗೆಂದು ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಸಾಗಿಸುವಾಗ ಅದನ್ನು ಮುಚ್ಚಿರುತ್ತೇವೆ, ಓಡಿಸುವಾಗ ತೆರೆಯಬೇಕು. ಮರೆತರೆ ಒಂದೇ ತೂತು ಹೊಡೆದ ಎಣ್ಣೆ ಡಬ್ಬಿಯಿಂದ ಎಣ್ಣೆ ಸುರಿಯಲು ಹೋದ ಹಾಗೆ ಆಗುತ್ತದೆ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಅಲ್ವಾ? ಬರದಿದ್ದರೆ ಟ್ಯಾಂಕಿನೊಳಗೆ ಎಳೆತ ಏರುತ್ತಾ ಹೋಗಿ, ಒಂದು ಹಂತದಲ್ಲಿ ಮೋಟಾರಿನ ಪಂಪ್ ಸೋಲುತ್ತದೆ. ಕೆಲವು ನಿಮಿಷ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಗಾಳಿ ನುಸುಳಿ ಎಳೆತ ಕಡಿಮೆಯಾಗುತ್ತದೆ, ಮತ್ತೆ ಓಡುತ್ತದೆ. ಪರೀಕ್ಷೆ ಸುಲಭ. ನಿಂತ ಕೂಡಲೇ ಮುಚ್ಚಳ ಸಡಿಲಿಸಿ. ಸುಯ್ ಅಂತ ಗಾಳಿ ಒಳಗೆ ನುಗ್ಗಿದರೆ ಕಾರಣ ಸಿಕ್ಕಿತು. ಸ್ಕ್ರೂ ತೆರೆದೇ ಇದ್ದರೂ ಅದರ ತೂತಿನಲ್ಲಿ ಉಪ್ಪು, ಮಣ್ಣು ಕಟ್ಟಿರಬಹುದು. ದೋಣಿಯೊಳಗೇ ಕೂರಿಸಿದ ಟ್ಯಾಂಕಾದರೆ ಅದರ ಗಾಳಿ ಪೈಪಿನ ಬಾಯಿ ದೋಣಿಯ ಪಕ್ಕದಲ್ಲಿ ಇರುತ್ತದೆ, ಹುಳಗಳು ಅಲ್ಲಿ ಗೂಡು ಕಟ್ಟುವುದೂ ಉಂಟು.

ಮುಂದಿನದು ಪೈಪಿನ ನಡುವೆ ಇರುವ ರಬ್ಬರ್ ಬಲ್ಬು, ಸ್ಟಾರ್ಟ್ ಮಾಡುವ ಮೊದಲು ಹಿಂಡುತ್ತೇವಲ್ಲ, ಅದು. ಇದಕ್ಕಿಂತ ಒಳ್ಳೆಯ ಮೀಟರು ಸಣ್ಣ ದೋಣಿಯಲ್ಲಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದರ ಮೇಲೊಂದು ಬಾಣದ ಗುರುತಿದೆ, ಅದು ಮೋಟಾರಿನ ಕಡೆ ಇರಬೇಕು. ಹಿಂಡುವಾಗ ಬಾಣದ ತುದಿ ಮೇಲೆ ಬರುವಂತೆ ಹಿಡಿದರೆ ಒಳಗಿನ ವಾಲ್ವುಗಳು ಚೆನ್ನಾಗಿ ಕೂರುತ್ತವೆ. ಕೆಲವು ಸಲ ಹಿಂಡಿದ ಮೇಲೆ ಬಲ್ಬು ಗಟ್ಟಿಯಾಗಬೇಕು. ಎಷ್ಟು ಹಿಂಡಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಹಿಡಿಯುತ್ತಿದೆ, ಇಲ್ಲವೇ ಬಲ್ಬಿನ ವಾಲ್ವು ಹೋಗಿದೆ, ಇಲ್ಲವೇ ಕಾರ್ಬುರೇಟರಿನಿಂದ ಪೆಟ್ರೋಲು ಉಕ್ಕಿ ಹೋಗುತ್ತಿದೆ.

ಮೋಟಾರು ನಿಲ್ಲುವ ಹೊತ್ತಿಗೆ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಓಡುವಾಗ ಅದು ಸ್ವಲ್ಪ ಮೆತ್ತಗಿರುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಎರಡು ಬದಿಯೂ ಒಳಕ್ಕೆ ಅಂಟಿಕೊಂಡು ಚಪ್ಪಟೆಯಾಗಿದ್ದರೆ ಬಲ್ಬಿಗೂ ಟ್ಯಾಂಕಿಗೂ ನಡುವೆ ಅಡ್ಡ ಇದೆ ಎಂದರ್ಥ. ಮೋಟಾರು ಎಳೆಯುತ್ತಿದೆ, ಟ್ಯಾಂಕಿನಿಂದ ಬರುತ್ತಿಲ್ಲ. ಇನ್ನೊಂದು ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ದೋಣಿ ನಡೆಸಲಿ, ಇನ್ನೊಬ್ಬರು ಬಲ್ಬು ಹಿಡಿದು ಕೂರಲಿ. ಮೋಟಾರು ತಡವರಿಸಲು ಶುರುಮಾಡಿದ ತಕ್ಷಣ ಹಿಂಡಲಿ. ಹಿಂಡಿದಾಗ ಮತ್ತೆ ಜೀವ ಬಂದು ಸ್ಪೀಡು ಏರಿದರೆ ಪೆಟ್ರೋಲು ಸಾಲುತ್ತಿಲ್ಲ ಅನ್ನೋದು ಖಚಿತ. ಮೋಟಾರಿನ ಪಂಪಿನಲ್ಲಿ ಅಥವಾ ಅದಕ್ಕಿಂತ ಹಿಂದೆ ದೋಷ ಇದೆ. ಹಿಂಡಿದರೂ ಏನೂ ಬದಲಾಗದಿದ್ದರೆ ಕಾರ್ಬುರೇಟರ್ ಅಥವಾ ಕಿಡಿಯ ಕಡೆ ನೋಡಿ. ಹಿಂಡಿದರೆ ಇನ್ನೂ ಹಾಳಾಗಿ ಹೊಗೆ ಕಕ್ಕಿ ನಿಂತರೆ ಕಾರ್ಬುರೇಟರಿನ ಸೂಜಿ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ, ಪೆಟ್ರೋಲು ಹೆಚ್ಚಾಗುತ್ತಿದೆ.

ಈಗ ತುಂಬಾ ಜನರನ್ನು ಏಮಾರಿಸುವ ಒಂದು ಸಂಗತಿ. ಟ್ಯಾಂಕಿನಿಂದ ಮೋಟಾರಿನ ಪಂಪಿನವರೆಗೆ ಪೆಟ್ರೋಲು ಹೋಗುವುದು ಎಳೆತದಿಂದ. ಹಾಗಾಗಿ ಆ ಭಾಗದಲ್ಲಿ ಎಲ್ಲಾದರೂ ಸೀಳು ಬಿಟ್ಟಿದ್ದರೆ ಮೋಟಾರು ಓಡುವಾಗ ಪೆಟ್ರೋಲು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಣಗಿ ಚೆನ್ನಾಗಿಯೇ ಕಾಣುತ್ತದೆ. ಇಂಥ ಕಡೆ ಮೊದಲು ಅನುಮಾನಿಸಬೇಕಾದ್ದು ಪೈಪನ್ನು ಮೋಟಾರಿಗೆ ಸಿಕ್ಕಿಸುವ ಕನೆಕ್ಟರು. ಅದರೊಳಗಿನ ಸಣ್ಣ ರಬ್ಬರ್ ಒ-ರಿಂಗ್ ಒಣಗಿ ಬಿರಿದರೆ ಸಾಕು. ಪತ್ತೆ ಮಾಡಲು ಮೋಟಾರಿನ ಹತ್ತಿರ ಪೆಟ್ರೋಲಿನಿಂದ ಹಾಳಾಗದಂಥ, ಗೇಣುದ್ದದ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿ ಓಡಿಸಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದು ಹೋದರೆ ಪರವಾಗಿಲ್ಲ. ಸಾಲಾಗಿ ಗುಳ್ಳೆ ಬರುತ್ತಲೇ ಇದ್ದರೆ ಗಾಳಿ ಹಿಡಿಯುತ್ತಿದೆ. ಟ್ಯಾಂಕಿನ ಕಡೆಯಿಂದ ಒಂದೊಂದೇ ಜಾಯಿಂಟು ನೋಡುತ್ತಾ ಬನ್ನಿ. ಪರೀಕ್ಷೆ ಮುಗಿದ ಮೇಲೆ ಆ ಪೈಪು ತೆಗೆದುಬಿಡಿ, ಅದು ಕಾಯಂ ಇಡುವಂಥದ್ದಲ್ಲ.

ಟ್ಯಾಂಕಿನೊಳಗೂ ಒಂದು ಆಟ ನಡೆಯುತ್ತದೆ. ತಳದಿಂದ ಪೆಟ್ರೋಲು ಎಳೆಯುವ ಕೊಳವೆಯ ಬಾಯಿಗೆ ಒಂದು ಒಣ ಎಲೆ, ಬಾಟಲಿ ಸೀಲಿನ ತುಣುಕು, ರಬ್ಬರಿನ ಸಿಪ್ಪೆ ಹೀಗೆ ಏನಾದರೂ ಬಂದು ಅಂಟಿಕೊಳ್ಳುತ್ತದೆ. ಮೋಟಾರು ನಿಲ್ಲುತ್ತದೆ. ನಿಂತ ಮೇಲೆ ಎಳೆತ ಇರುವುದಿಲ್ಲ, ತುಣುಕು ಬಿಟ್ಟುಕೊಂಡು ತೇಲಿ ಹೋಗುತ್ತದೆ. ಹಗ್ಗ ಎಳೆದರೆ ಮೋಟಾರು ಸಲೀಸಾಗಿ ಓಡುತ್ತದೆ. ಮೆಕ್ಯಾನಿಕ್ ಬಂದು ನೋಡಿದಾಗ ತಪ್ಪೇ ಕಾಣುವುದಿಲ್ಲ. ಟ್ಯಾಂಕು ಖಾಲಿ ಮಾಡಿ ಬೆಳಕಿನಲ್ಲಿ ಒಳಗೆ ನೋಡಿದಾಗಲೇ ಇದು ಸಿಗುವುದು. ಹಾಗೇ ಹಳೆಯ ಪೈಪುಗಳಲ್ಲಿ ಒಳಪದರ ಬಿಟ್ಟುಕೊಂಡು, ಜೋರಾಗಿ ಎಳೆದಾಗ ಒಳಗೇ ಕುಸಿದು ದಾರಿ ಮುಚ್ಚುತ್ತದೆ. ಹೊರಗಿನ ಮೈ ಹೊಸದರಂತೆಯೇ ಇರುತ್ತದೆ. ಒಳಗೆ ಕೂರಿಸಿದ ಟ್ಯಾಂಕುಗಳಲ್ಲಿ, ಪೆಟ್ರೋಲು ತಾನಾಗಿ ಹರಿದು ಹೋಗದಿರಲಿ ಅಂತ ಸ್ಪ್ರಿಂಗು ಮತ್ತು ಗುಂಡಿನ ಒಂದು ವಾಲ್ವು ಇಟ್ಟಿರುತ್ತಾರೆ. ಅದು ಅಂಟಿಕೊಂಡರೂ ಇದೇ ಕಥೆ.

ಇಷ್ಟೆಲ್ಲ ಒಂದೊಂದಾಗಿ ನೋಡುವುದಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಚೆನ್ನಾಗಿದೆ ಅಂತ ಗೊತ್ತಿರುವ ಬೇರೆ ಟ್ಯಾಂಕು, ಬೇರೆ ಪೈಪು, ಬೇರೆ ಬಲ್ಬು, ಹೊಸ ಪೆಟ್ರೋಲು ತಂದು ಮೋಟಾರಿಗೆ ಸೇರಿಸಿ. ಗೆಳೆಯರ ಹತ್ತಿರ ಕೇಳಿ ತಂದರೂ ಆಯಿತು. ಮೋಟಾರು ನಿಲ್ಲದೆ ಓಡಿದರೆ ಮೋಟಾರನ್ನು ಮುಟ್ಟುವ ಅಗತ್ಯವೇ ಇಲ್ಲ. ಆಗಲೂ ನಿಂತರೆ ಟ್ಯಾಂಕು, ಪೈಪು ಎರಡನ್ನೂ ಮರೆತು ಮುಂದಕ್ಕೆ ಹೋಗಬಹುದು. ಅರ್ಧ ಹುಡುಕಾಟ ಒಂದೇ ಏಟಿಗೆ ಮುಗಿಯುತ್ತದೆ. ಈ ಒಂದು ಪರೀಕ್ಷೆ ಮಾಡದೆ ಕಾರ್ಬುರೇಟರ್ ಬಿಚ್ಚಬೇಡಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಇನ್ನು ನೀರು ಸೇರಿದ ಪೆಟ್ರೋಲು. ಕಾರ್ಬುರೇಟರಿನ ಬಟ್ಟಲಿನ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದರ ಕೆಳಗೆ ಗಾಜಿನ ಸಣ್ಣ ಬಾಟಲಿ ಹಿಡಿದು ಸಡಿಲಿಸಿ. ಬಂದದ್ದನ್ನು ಅಲುಗಾಡಿಸದೆ ಕೆಲವು ನಿಮಿಷ ಇಟ್ಟು, ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ತಳಕ್ಕೆ ಇಳಿದು ಬೇರೆ ಪದರವಾಗಿ ನಿಲ್ಲುತ್ತದೆ. ಎರಡರ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಸ್ವಲ್ಪವೇ ಇದ್ದರೆ ಗುಂಡಗಿನ ಹನಿಗಳಾಗಿ ತಳದಲ್ಲಿ ಉರುಳಾಡುತ್ತದೆ. ಕಂದು ಪುಡಿ ಕಂಡರೆ ತುಕ್ಕು, ಅಂಟಂಟಾಗಿ ಹಳದಿಗಟ್ಟಿದ್ದರೆ ಹಳೆಯ ಪೆಟ್ರೋಲು. ಮೂಗಿಗೂ ಗೊತ್ತಾಗುತ್ತದೆ, ಹಳೆಯ ಪೆಟ್ರೋಲಿಗೆ ವಾರ್ನಿಷಿನಂಥ ಹುಳಿ ವಾಸನೆ ಬರುತ್ತದೆ.

ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಇದು ಇನ್ನೂ ಸೂಕ್ಷ್ಮ. ಎಥನಾಲ್ ನೀರನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. 10% ಎಥನಾಲ್ ಇರುವ ಪೆಟ್ರೋಲು ಸುಮಾರು 0.5% ನೀರನ್ನು ತಡೆದುಕೊಳ್ಳುತ್ತದೆ. ಅಂದರೆ 25 ಲೀಟರಿಗೆ ಸುಮಾರು 125 ಮಿ.ಲೀ. ಅದಕ್ಕಿಂತ ಹೆಚ್ಚಾದರೆ, ಅಥವಾ ರಾತ್ರಿ ಚಳಿಗೆ ಟ್ಯಾಂಕು ತಣ್ಣಗಾದರೆ, ನೀರು ಮತ್ತು ಎಥನಾಲ್ ಎರಡೂ ಜೊತೆಯಾಗಿ ತಳಕ್ಕೆ ಇಳಿಯುತ್ತವೆ. ಮೋಟಾರು ಎಳೆಯುವುದೂ ತಳದಿಂದಲೇ. ಹಾಗೆ ಒಮ್ಮೆ ಬೇರೆಯಾದ ಪೆಟ್ರೋಲನ್ನು ಯಾವ ಔಷಧಿ ಹಾಕಿದರೂ ಸರಿಮಾಡಲು ಬರುವುದಿಲ್ಲ. ಪೂರ್ತಿ ತೆಗೆದು, ಟ್ಯಾಂಕು ಒಣಗಿಸಿ, ಹೊಸದು ತುಂಬಿ. ತೆಗೆದದ್ದನ್ನು ನೀರಿಗೆ ಮಾತ್ರ ಸುರಿಯಬೇಡಿ. ನೀರು ಬೇರ್ಪಡಿಸುವ ಫಿಲ್ಟರನ್ನು ಪೈಪಿನ ದಾರಿಯಲ್ಲಿ ಕೂರಿಸಿದರೆ ಈ ತಾಪತ್ರಯ ತುಂಬಾ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ 10 ಮೈಕ್ರಾನಿನದು, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣ ಕಸವನ್ನೂ ತಡೆಯುವಂಥದ್ದು, ಬಳಸುತ್ತಾರೆ.

ಕಾರ್ಬುರೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐಡ್ಲಿಂಗಿನಲ್ಲಿ, ಅಂದರೆ ಥ್ರಾಟಲ್ ಕೊಡದೆ ನಿಧಾನಕ್ಕೆ ತಿರುಗುವಾಗ ನಿಂತು, ಥ್ರಾಟಲ್ ಕೊಟ್ಟರೆ ಓಡುತ್ತದೆ ಅಂದರೆ ಸಣ್ಣ ಜೆಟ್ (ಪೆಟ್ರೋಲು ಅಳತೆಯಾಗಿ ಬರುವ ಹಿತ್ತಾಳೆ ತೂತು) ಕಟ್ಟಿದೆ. ನಿಧಾನಕ್ಕೆ ಚೆನ್ನಾಗಿದ್ದು, ಪೂರ್ತಿ ಥ್ರಾಟಲಿನಲ್ಲಿ ಸೋತರೆ ದೊಡ್ಡ ಜೆಟ್, ಫಿಲ್ಟರು ಅಥವಾ ಪಂಪ್ ನೋಡಿ. ಜೆಟ್ಟಿನ ತೂತಿಗೆ ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಪೆಟ್ರೋಲಿನ ಅಳತೆಯೇ ತಪ್ಪುತ್ತದೆ. ಕ್ಲೀನರ್ ಸ್ಪ್ರೇ ಮತ್ತು ಗಾಳಿಯ ಒತ್ತಡ ಸಾಕು. ಟು ಸ್ಟ್ರೋಕ್ (ಪೆಟ್ರೋಲಿನ ಜೊತೆ ಆಯಿಲ್ ಬೆರೆತು ಓಡುವ) ಮೋಟಾರುಗಳ ಪಂಪಿನಲ್ಲಿ ತೆಳ್ಳಗಿನ ಒಂದು ಪೊರೆ, ಡಯಾಫ್ರಾಮ್ ಇರುತ್ತದೆ, ಅದು ಗಟ್ಟಿಯಾದರೆ ಅಥವಾ ಸೂಜಿಮೊನೆಯಷ್ಟು ತೂತಾದರೂ ಜೋರಾಗಿ ಓಡುವಾಗ ಪೆಟ್ರೋಲು ಸಾಲುವುದಿಲ್ಲ. ಕಾರ್ಬುರೇಟರಿನ ಬದಲು ಒತ್ತಡದಿಂದ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಮೋಟಾರುಗಳಲ್ಲಿ ಒತ್ತಡದ ಪಂಪು, ಅದರ ಪುಟ್ಟ ಫಿಲ್ಟರು ಇವೆಲ್ಲ ಒಳಗೆ ಅಡಗಿರುತ್ತವೆ. ಆ ಒತ್ತಡದ ಪೈಪನ್ನು ಗೇಜ್ ಇಲ್ಲದೆ, ಒತ್ತಡ ಇಳಿಸದೆ ಬಿಚ್ಚುವುದು ಅಪಾಯ. ಅದನ್ನು ತಿಳಿದವರಿಗೆ ಬಿಡಿ.

ಥಟ್ಟನೆ ನಿಂತಾಗ

ಸ್ವಿಚ್ ಒತ್ತಿದಂತೆ ನಿಂತರೆ, ನಿಜವಾಗಿಯೂ ಮೋಟಾರು ನಿಲ್ಲಿಸುವ ಸ್ವಿಚ್ಚನ್ನೇ ಮೊದಲು ನೋಡಿ. ಕೈಗೆ ಕಟ್ಟಿಕೊಳ್ಳುವ ಸುರುಳಿ ಹಗ್ಗದ ಕ್ಲಿಪ್ಪು ಅದರ ಜಾಗದಲ್ಲಿ ಗಟ್ಟಿಯಾಗಿ ಕೂತಿದೆಯಾ? ಕ್ಲಿಪ್ಪು ಸವೆದಿದ್ದರೆ ಅಲೆಗೆ ಅದುರಿದಾಗಲೆಲ್ಲ ಮೋಟಾರು ನಿಲ್ಲುತ್ತದೆ. ಬಹುತೇಕ ಸಣ್ಣ ಮೋಟಾರುಗಳಲ್ಲಿ ಈ ಸ್ವಿಚ್ಚು ಕೆಲಸ ಮಾಡುವುದು ಕಿಡಿಯ ಕರೆಂಟನ್ನು ಮೋಟಾರಿನ ಮೈಗೆ, ಅಂದರೆ ಅರ್ತಿಗೆ ಮುಟ್ಟಿಸಿ. ಹಾಗಾಗಿ ಆ ತಂತಿಯ ಮೇಲುಪದರ ಎಲ್ಲಾದರೂ ಉಜ್ಜಿ ಹೋಗಿ ಲೋಹಕ್ಕೆ ತಗುಲಿದರೂ, ಸ್ವಿಚ್ಚಿನೊಳಗೆ ಉಪ್ಪುನೀರು ಸೇರಿದರೂ ಕಿಡಿ ನಿಲ್ಲುತ್ತದೆ. ಹ್ಯಾಂಡಲ್ ತಿರುಗುವ ಜಾಗದಲ್ಲಿ ತಂತಿ ಮಡಚಿ ಮಡಚಿ ಸವೆಯುತ್ತದೆ, ಅಲ್ಲಿ ಬೆರಳಾಡಿಸಿ ನೋಡಿ.

ಪರೀಕ್ಷೆಗೆ ಆ ತಂತಿಯನ್ನು ಕನೆಕ್ಟರಿನಲ್ಲಿ ಬೇರೆ ಮಾಡಿ ಓಡಿಸಬಹುದು. ಆಗ ಮೋಟಾರು ನಿಲ್ಲದೆ ಓಡಿದರೆ ಸ್ವಿಚ್ಚು ಅಥವಾ ಅದರ ತಂತಿಯದೇ ತಪ್ಪು. ಆದರೆ ಎಚ್ಚರಿಕೆ. ತಂತಿ ಬೇರೆ ಮಾಡಿದಾಗ ಸ್ವಿಚ್ಚಿನಿಂದ ಮೋಟಾರು ನಿಲ್ಲುವುದಿಲ್ಲ, ಗಾಳಿ ತಡೆಯುವ ಚೋಕ್ ಎಳೆದು ಅಥವಾ ಪೆಟ್ರೋಲು ಪೈಪು ತೆಗೆದು ನಿಲ್ಲಿಸಬೇಕು. ದೋಣಿಯನ್ನು ಗಟ್ಟಿಯಾಗಿ ಕಟ್ಟಿ, ಹತ್ತಿರ ಯಾರೂ ನೀರಿನಲ್ಲಿ ಇಲ್ಲದಾಗ ಮಾತ್ರ ಇದನ್ನು ಮಾಡಿ. ಹಾಗೇ ಬಿಟ್ಟು ದೋಣಿ ಓಡಿಸಬೇಡಿ, ದಯವಿಟ್ಟು. ನಡೆಸುವವರು ನೀರಿಗೆ ಬಿದ್ದರೆ ಮೋಟಾರು ನಿಲ್ಲಿಸಲು ಇರುವ ಒಂದೇ ವ್ಯವಸ್ಥೆ ಅದು. ದೋಣಿ ತಾನೇ ಸುತ್ತು ಹೊಡೆದು ಬಿದ್ದವರ ಮೇಲೇ ಪ್ರೊಪೆಲ್ಲರ್ ಸಮೇತ ಬರುತ್ತದೆ.

ಬ್ಯಾಟರಿ ಇರುವ ಮೋಟಾರಾದರೆ ಅದರ ತುದಿಗಳನ್ನು ಕೈಯಿಂದ ಅಲುಗಿಸಿ. ರೆಕ್ಕೆ ನಟ್ಟು ಹಾಕಿದ್ದರೆ ತೆಗೆದು ಲಾಕ್ ಆಗುವ ನಟ್ಟು ಹಾಕಿ, ಅಲೆಯ ಏಟಿಗೆ ರೆಕ್ಕೆ ನಟ್ಟು ಸಡಿಲವಾಗುತ್ತದೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್, ಮೋಟಾರು ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ತೋರಿಸಬೇಕು. ಇಂಜೆಕ್ಷನ್ ಮೋಟಾರುಗಳಿಗೆ ವೋಲ್ಟೇಜ್ ಬಿದ್ದರೆ ಪೆಟ್ರೋಲು ಪಂಪೂ ಇಲ್ಲ, ಕಂಪ್ಯೂಟರೂ ಇಲ್ಲ. ತಂತಿಯ ತುದಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರಬಹುದು. ಮೆಲ್ಲಗೆ ಬಗ್ಗಿಸಿದಾಗ ಸರಸರ ಸದ್ದು ಬಂದರೆ, ಸಿಪ್ಪೆ ಉಬ್ಬಿದ್ದರೆ, ಆ ತುಂಡು ಕತ್ತರಿಸಿ ಹೊಸ ತುದಿ ಹಾಕಿ.

ಬಿಸಿಯಾದ ಮೇಲೆ ಮಾತ್ರ ಕಿಡಿ ಹೋಗುವ ಕಾಯಿಲ್ ಒಂದು ದೊಡ್ಡ ತಲೆನೋವು. ಒಳಗಿನ ತಂತಿ ಬಿಸಿಗೆ ಹಿಗ್ಗಿ, ಬಿರುಕಿದ್ದ ಕಡೆ ಬಿಟ್ಟುಕೊಳ್ಳುತ್ತದೆ. ಆರಿದಾಗ ಮತ್ತೆ ಕೂಡುತ್ತದೆ. ಮನೆಗೆ ತಂದು ತಣ್ಣಗಿರುವಾಗ ಮೀಟರ್ ಹಿಡಿದರೆ ಎಲ್ಲ ಸರಿಯಾಗಿಯೇ ತೋರಿಸುತ್ತದೆ. ಹಾಗಾಗಿ ನಿಂತ ಆ ನಿಮಿಷದಲ್ಲೇ ಕಿಡಿ ನೋಡಬೇಕು. ಪ್ಲಗ್ಗಿಗೂ ಅದರ ಟೋಪಿಗೂ ನಡುವೆ ಸಿಕ್ಕಿಸುವ ಸಣ್ಣ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ. ಅದು ಜೊತೆಯಲ್ಲಿದ್ದರೆ ಹಗ್ಗ ಒಂದು ಸಲ ಎಳೆದರೆ ಗೊತ್ತಾಗುತ್ತದೆ. ಪ್ಲಗ್ ಬಿಚ್ಚಿ ಸಿಲಿಂಡರಿನ ಪಕ್ಕದಲ್ಲೇ ಕಿಡಿ ಹಾರಿಸಿ ನೋಡುವ ಅಭ್ಯಾಸ ಬಿಡಿ. ಅಲ್ಲಿ ಪೆಟ್ರೋಲಿನ ಆವಿ ಇರುತ್ತದೆ. ಪ್ಲಗ್ಗಿನ ತಂತಿಯನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಹಗ್ಗ ಎಳೆದರೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿಯೇ ಸುಡುವ ಸಾಧ್ಯತೆ ಇದೆ.

ಬಿಸಿ, ಆಯಿಲ್, ಉಳಿದವು

ಮೋಟಾರಿನ ಹಿಂದಿನಿಂದ ಸಣ್ಣ ಧಾರೆಯಾಗಿ ನೀರು ಬರುತ್ತದಲ್ಲ, ಅದರ ಮೇಲೆ ಯಾವಾಗಲೂ ಒಂದು ಕಣ್ಣಿರಲಿ. ಧಾರೆ ಸಣಕಲಾಗಿದ್ದರೆ ಮೊದಲು ತೂತಿನಲ್ಲಿ ಮಣ್ಣು ಇದೆಯಾ ನೋಡಿ, ಮೀನಿನ ದಾರದ ತುಂಡು ತೂರಿಸಿದರೆ ಬಿಡಿಸಬಹುದು. ಆಗಲೂ ಸರಿಹೋಗದಿದ್ದರೆ ಕೆಳಗಿನ ಗೇರ್‌ಬಾಕ್ಸಿನ ಮೇಲೆ ಕೂತಿರುವ ನೀರಿನ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸವೆದಿರಬೇಕು. ನೀರಿಲ್ಲದೆ ಮೋಟಾರು ಓಡಿಸಿದರೆ ಅದರ ರೆಕ್ಕೆಗಳು ಸೆಕೆಂಡುಗಳಲ್ಲಿ ಹಾಳಾಗುತ್ತವೆ. ಧಾರೆ ಬಂದರೂ ಮೋಟಾರು ಬಿಸಿಯಾಗುತ್ತಿದ್ದರೆ ಬಿಸಿ ನೋಡಿ ನೀರು ಬಿಡುವ ವಾಲ್ವು, ಥರ್ಮೋಸ್ಟಾಟ್, ಉಪ್ಪಿನಿಂದ ಕಚ್ಚಿಕೊಂಡಿರಬಹುದು. ಹೊಸ ಮೋಟಾರುಗಳು ಬಿಸಿ ಹೆಚ್ಚಾದಾಗ ಬೀಪ್ ಹೊಡೆದು ತಾವೇ ಸ್ಪೀಡು ಇಳಿಸುತ್ತವೆ. ಜನ ಇದನ್ನು ಪೆಟ್ರೋಲಿನ ತೊಂದರೆ ಅಂದುಕೊಂಡು ಫಿಲ್ಟರ್ ಬಿಚ್ಚುತ್ತಾರೆ. ಬೀಪ್ ಬಂದರೆ ಮೋಟಾರು ನಿಲ್ಲಿಸಿ, ಮೊದಲು ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯಾ ನೋಡಿ.

ಟು ಸ್ಟ್ರೋಕ್ ಮೋಟಾರಿನವರು ಇದನ್ನು ಗಮನವಿಟ್ಟು ಕೇಳಿ. ಬ್ರೇಕ್ ಹಾಕಿದಂತೆ ಸ್ಪೀಡು ಇಳಿದು ನಿಂತು, ಆಗ ಹಗ್ಗ ಎಳೆಯಲು ಹೋದರೆ ಬಿಗಿಯಾಗಿದ್ದು, ಆರಿದ ಮೇಲೆ ಸಡಿಲವಾದರೆ, ಪಿಸ್ಟನ್ ಸಿಲಿಂಡರಿಗೆ ಹಿಡಿಯುತ್ತಿದೆ. ಆಯಿಲ್ ಸಾಲುತ್ತಿಲ್ಲ ಅಥವಾ ತಣಿಯುತ್ತಿಲ್ಲ. ಅದನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಮನೆ ಸೇರಲು ನೋಡಬೇಡಿ, ಮೋಟಾರೇ ಹೋಗುತ್ತದೆ. 50:1 ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್. ನಿಮ್ಮ ಮೋಟಾರಿಗೆ ಎಷ್ಟು ಅಂತ ಅದರ ಪುಸ್ತಕದಲ್ಲಿ ನೋಡಿ, ಕಣ್ಣಂದಾಜಿಗೆ ಸುರಿಯಬೇಡಿ.

ಗೇರ್ ಹಾಕಿದ ಕ್ಷಣ ನಿಂತರೆ ಪ್ರೊಪೆಲ್ಲರಿಗೆ ಹಗ್ಗ, ಬಲೆ ಸುತ್ತಿದೆಯಾ ನೋಡಿ. ಇಲ್ಲದಿದ್ದರೆ ಐಡ್ಲಿಂಗ್ ತೀರಾ ಕಡಿಮೆ ಇದೆ. ಮೇಲಿನ ಮುಚ್ಚಳ ಹಾಕಿದಾಗ ನಿಂತು, ತೆಗೆದಾಗ ಓಡಿದರೆ ಹೊಗೆ ಒಳಗೇ ಸೋರಿ ಮೋಟಾರು ತನ್ನ ಹೊಗೆಯನ್ನೇ ಉಸಿರಾಡುತ್ತಿದೆ, ಅಥವಾ ಮುಚ್ಚಳದ ಗಾಳಿ ಕಿಂಡಿ ಮುಚ್ಚಿದೆ. ಮುಚ್ಚಳ ತೆಗೆದು ಓಡಿಸುವಾಗ ಬಟ್ಟೆ, ಕೂದಲು ತಿರುಗುವ ಚಕ್ರದಿಂದ ದೂರ ಇರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್ಗು, ಫಿಲ್ಟರು, ಪೈಪು ಮೂರೂ ಒಟ್ಟಿಗೆ ಬದಲಿಸಿ ಮೋಟಾರು ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ತೊಂದರೆ ಮತ್ತೆ ಬಂದಾಗ ಮೊದಲಿನಿಂದ ಶುರುಮಾಡಬೇಕು.

ಸಭಿಕರ ಪ್ರಶ್ನೆಗಳು

ಒಬ್ಬರು ಕೇಳಿದರು: “ಡ್ರಮ್ಮಿನ ನೀರಿನಲ್ಲಿ ಇಟ್ಟು ಓಡಿಸಿದರೆ ಗಂಟೆಗಟ್ಟಲೆ ಓಡುತ್ತೆ. ದೋಣಿಗೆ ಕಟ್ಟಿದರೆ ನಿಲ್ಲುತ್ತೆ. ಯಾಕೆ?”

ಡ್ರಮ್ಮಿನಲ್ಲಿ ನೀವು ಪೂರ್ತಿ ಥ್ರಾಟಲ್ ಕೊಡುವುದಿಲ್ಲ, ಮೋಟಾರಿಗೆ ಭಾರವೂ ಬೀಳುವುದಿಲ್ಲ. ಆಗ ಪೆಟ್ರೋಲು ತುಂಬಾ ಕಡಿಮೆ ಸಾಕು. ಅರ್ಧ ಕಟ್ಟಿದ ಫಿಲ್ಟರಿನಲ್ಲೂ ಅಷ್ಟು ಬರುತ್ತದೆ. ಭಾರ ಬಿದ್ದಾಗ ಬೇಡಿಕೆ ಹಲವು ಪಟ್ಟು ಏರುತ್ತದೆ, ಅಡ್ಡ ಇರುವುದು ಆಗಲೇ ಬಯಲಾಗುವುದು. ಜೊತೆಗೆ ಡ್ರಮ್ಮಿನಲ್ಲಿ ಕುಲುಕಾಟ ಇಲ್ಲ, ಟ್ಯಾಂಕಿನ ತಳದ ನೀರು ಕದಡುವುದಿಲ್ಲ. ಹಾಗಾಗಿ ಪರೀಕ್ಷೆ ನೀರಿನ ಮೇಲೇ ಆಗಬೇಕು, ದಡದ ಹತ್ತಿರ, ಇನ್ನೊಂದು ದೋಣಿ ಜೊತೆಗಿರುವಾಗ.

ಸೀಮೆಎಣ್ಣೆ ಮೋಟಾರು ಓಡಿಸುವ ಒಬ್ಬರು ಕೇಳಿದರು: “ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗುತ್ತೆ, ಸೀಮೆಎಣ್ಣೆಗೆ ತಿರುಗಿಸಿದ ಮೇಲೆ ನಿಲ್ಲುತ್ತೆ.”

ಬೇಗ ತಿರುಗಿಸುತ್ತಿದ್ದೀರಾ ಅಂತ ಮೊದಲು ನೋಡಿ. ಸೀಮೆಎಣ್ಣೆ ತಣ್ಣಗಿನ ಮೋಟಾರಿನಲ್ಲಿ ಸರಿಯಾಗಿ ಆವಿಯಾಗುವುದಿಲ್ಲ, ಮೋಟಾರು ಚೆನ್ನಾಗಿ ಬಿಸಿಯಾಗಲಿ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿ, ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮುಂದಿನ ಸಲ ಸ್ಟಾರ್ಟಿಗೆ ತೊಂದರೆ. ಇಷ್ಟು ಮಾಡಿದರೂ ನಿಂತರೆ ತಿರುಗಿಸುವ ಆ ನಲ್ಲಿ ಗಾಳಿ ಹಿಡಿಯುತ್ತಿದೆಯಾ, ಸೀಮೆಎಣ್ಣೆ ಟ್ಯಾಂಕಿನಲ್ಲಿ ನೀರಿದೆಯಾ ನೋಡಿ. ಪ್ಲಗ್ಗು ಬೇಗ ಕಪ್ಪು ಹಿಡಿಯುತ್ತದೆ, ಹೆಚ್ಚುವರಿ ಪ್ಲಗ್ಗು ಜೊತೆಗಿರಲಿ.

ಕೊನೆಯ ಪ್ರಶ್ನೆ ಒಬ್ಬ ಹಿರಿಯರದು: “ಮೆಕ್ಯಾನಿಕ್ ಎದುರು ಒಂದು ಸಲವೂ ನಿಲ್ಲುವುದಿಲ್ಲವಲ್ಲ, ಏನು ಮಾಡೋದು?”

ನಿಜ, ಇದು ಎಲ್ಲರ ಗೋಳು. ಮುಂದಿನ ಸಲ ನಿಲ್ಲಲು ಶುರುವಾದಾಗ ಜೊತೆಗಿರುವವರಿಂದ ಫೋನಿನಲ್ಲಿ ವಿಡಿಯೊ ಮಾಡಿಸಿ. ಮೋಟಾರಿನ ಸದ್ದು, ಬಲ್ಬಿನ ಆಕಾರ, ನೀರಿನ ಧಾರೆ ಈ ಮೂರೂ ಅದರಲ್ಲಿ ಬರಲಿ. ಅನುಭವ ಇರುವ ಮೆಕ್ಯಾನಿಕ್ ಆ ಸದ್ದು ಕೇಳಿಯೇ ಅರ್ಧ ಹೇಳುತ್ತಾರೆ. ಮೋಟಾರನ್ನು ಮಾತ್ರ ಬಿಚ್ಚಿಕೊಂಡು ಹೋಗಬೇಡಿ ಯಜಮಾನರೆ, ನಿಮ್ಮದೇ ಟ್ಯಾಂಕು, ನಿಮ್ಮದೇ ಪೈಪು, ಅದೇ ಪೆಟ್ರೋಲು ಸಮೇತ ಒಯ್ಯಿರಿ. ಅಂಗಡಿಯ ಟ್ಯಾಂಕಿಗೆ ಸೇರಿಸಿ ಓಡಿಸಿದರೆ ಯಾವತ್ತೂ ನಿಲ್ಲುವುದಿಲ್ಲ, ಯಾಕೆಂದರೆ ತೊಂದರೆ ಮನೆಯಲ್ಲೇ ಉಳಿದಿರುತ್ತದೆ. ಒಯ್ಯುವ ಮೊದಲು ಟ್ಯಾಂಕು ತೊಳೆಯುವುದೂ ಬೇಡ, ಅದರ ತಳದಲ್ಲಿ ಏನಿದೆ ಅನ್ನೋದನ್ನು ಅವರೇ ನೋಡಲಿ.